ಎಂಟು ಹತ್ತರ ಬಸ್ಸು

ಸೋಮವಾರ ಬೆಳಿಗ್ಗೆ ಬಸ್ ಡಿಪೋಗೆ ಹೊಸ ಮ್ಯಾನೇಜರ್ ಚನ್ನಮಲ್ಲಪ್ಪನವರು ಬಂದರು. ಕುರ್ಚಿಯಲ್ಲಿ ಕೂತವರೇ ಗುಮಾಸ್ತೆ ನೀಲವ್ವನಿಗೆ ಹುಕುಂ ಮಾಡಿದರು. "ಬೆಳಿಗ್ಗೆ ಐದರಿಂದ ರಾತ್ರಿ ಹತ್ತರತನಕ ಹತ್ತು ನಿಮಿಷಕ್ಕೊಂದು ಬಸ್ಸು. ನಾ ಚಹಾ ಕುಡಿಯೋದ್ರಾಗ ಎಲ್ಲಾ ವೇಳೆ ಬರದು ಕೊಡು. ಇಲ್ಲಾಂದ್ರ ವರ್ಗ!"

ನೀಲವ್ವ ಕಂಪ್ಯೂಟರಿನಲ್ಲಿ ಮೂರೇ ಸಾಲು ಬರೆದಳು: ಎಲ್ಲಿಂದ, ಎಲ್ಲಿಯತನಕ, ಎಷ್ಟೆಷ್ಟು ಹೊತ್ತಿಗೆ. ಗುಂಡಿ ಒತ್ತಿದಳು. ಐದು, ಐದು ಹತ್ತು, ಐದು ಇಪ್ಪತ್ತು... ನೂರಾ ಮೂರು ವೇಳೆಗಳು ಪರದೆಯ ಮೇಲೆ ಇರುವೆ ಸಾಲಿನಂತೆ ಇಳಿದವು. ಸಾಹೇಬರು ತೆರೆದ ಬಾಯಿ ಮುಚ್ಚಲಿಲ್ಲ. ಚಹಾ ಕೆನೆಗಟ್ಟಿತು. ಇಡೀ ದಿನವನ್ನು ಚಾಪೆಯಂತೆ ಬಿಚ್ಚಿ ಹಾಸಿದ್ದನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆದರೂ ಸೋಲೊಪ್ಪಲು ಮನಸ್ಸಿಲ್ಲ. "ಏಳೂವರೆಯಿಂದ ಒಂಬತ್ತು ರಾಹುಕಾಲ. ಆ ಬಸ್ಸೆಲ್ಲಾ ತೆಗಿ" ಎಂದರು. ಅದೋ ಶಾಲೆ ಮಕ್ಕಳು ಹೊರಡುವ ಹೊತ್ತು.

ನೀಲವ್ವ ಇನ್ನೊಂದು ಸಾಲು ಸೇರಿಸಿದಳು. ರಾಹುಕಾಲದ ವೇಳೆಗಳೆಲ್ಲ ಥಟ್ಟನೆ ಕೆಂಪಾದವು. ಆಮೇಲೆ ಹಾಜರಿ ಪುಸ್ತಕ ತೆರೆದು ಸಾಹೇಬರ ಸಹಿಯ ಮೇಲೆ ಬೆರಳಿಟ್ಟಳು.

"ನೀವು ಅಧಿಕಾರ ವಹಿಸ್ಕೊಂಡದ್ದು ಇವತ್ತು ಎಂಟು ಹತ್ತಕ್ಕ. ಇದನ್ನೂ ತೆಗೀಲೇನ್ರಿ ಸಾಹೇಬ್ರ?"

ಸಾಹೇಬರು ಕೆಂಪು ಸಾಲನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ದನಿ ಇಳಿಯಿತು.

"ರಾಹು ಬಸ್ಸು ಹತ್ತೂದಿಲ್ಲ ಬಿಡ್ರಿ, ನೀಲವ್ವನವರ. ಎಲ್ಲಾ ಓಡ್ಲಿ."