ಹಗೇವಿನೊಳಗೆ ಹುಟ್ಟಿದ ಪದ

ಕೇಳ್ರಪ್ಪಾ, ಬಹಳ ಹಿಂದಿನ ಮಾತು. ಎರೆಸೀಮೆಯ ಒಂದೂರಿನಲ್ಲಿ, ಊರಾಚೆ ಹೊಲದ ನಡುವೆ, ಒಂದು ಮಣ್ಣಿನ ಮಾಳಿಗೆ ಮನೆಯಿತ್ತಂತೆ. ಹೆಸರಾದ ಪದಗಾರ್ತಿ ತುಂಗವ್ವ ಹುಟ್ಟಿ ಬೆಳೆದದ್ದು ಅಲ್ಲೇ. ಆಕೆ ಹಾಡಿದರೆ ಹೂಡಿದ ಎತ್ತುಗಳು ಹೆಜ್ಜೆ ಮರೆತು ನಿಲ್ಲುತ್ತಿದ್ದವಂತೆ. ನಂಬೋರು ನಂಬಿ, ಬಿಡೋರು ಬಿಡಿ. ಆಕೆಗೆ ಗುರು ಯಾರು ಅಂತ ಕೇಳಿದರೆ ಮಾತ್ರ, ಆ ಮನೆಯ ಅಂಗಳದ ಹಗೇವು ಅನ್ನುತ್ತಾರೆ.

ಹಗೇವು ಅಂದರೆ ಜೋಳ ತುಂಬಿಡುವ ಆಳದ ನೆಲಗುಂಡಿ. ಬಾಯಿ ಕಿರಿದು, ಹೊಟ್ಟೆ ದೊಡ್ಡದು. ತೆರೆದ ಮೇಲೆ ಒಂದು ದಿನ ಗಾಳಿಯಾಡಲು ಬಿಡಬೇಕು. ಒಳಗಿನ ಕೆಟ್ಟ ಗಾಳಿಗೆ ಗಟ್ಟಿಮುಟ್ಟಾದ ಗಂಡಸರೇ ಸತ್ತಿದ್ದಾರೆ. ಅದಕ್ಕೇ ಇಳಿದವರು ಹಾಡುತ್ತಲೇ ಇರಬೇಕು, ಹಾಡು ನಿಂತರೆ ಮೇಲಿದ್ದವರು ಹಗ್ಗ ಎಳೆಯಬೇಕು.

ಒಂದು ದಿನ ಹಿರಿಮಗಳ ಬೀಗರು ಹೇಳದೆ ಕೇಳದೆ ಬಂದಿಳಿದರಂತೆ. ಮನೆಯಲ್ಲಿ ಹಿಡಿ ಜೋಳವಿಲ್ಲ. ತಾಯಿ ಕಲ್ಲವ್ವನಿಗೆ ಮಾನದ ಚಿಂತೆ. ಆಗಷ್ಟೇ ತೆರೆದ ಹಗೇವಿಗೆ, ನಡುವಿಗೆ ಹಗ್ಗ ಕಟ್ಟಿ, ಸಣ್ಣ ಮಗಳು ತುಂಗಿಯನ್ನು ಇಳಿಸಿಬಿಟ್ಟಳು. ಅವಸರದಲ್ಲಿ ಬುದ್ಧಿ ಎಲ್ಲಿರುತ್ತದೆ!

ತುಂಗಿ ಹಾಡುತ್ತಾ ಜೋಳ ತುಂಬಿದಳಂತೆ. ಬೀಸುವ ಪದ ಮುಗಿಯಿತು, ಕುಟ್ಟುವ ಪದ ಮುಗಿಯಿತು, ತೊಟ್ಟಿಲ ಪದವೂ ಮುಗಿಯಿತು. ಆಮೇಲೆ ಸದ್ದಿಲ್ಲ. ಕಲ್ಲವ್ವ ಹಗ್ಗ ಎಳೆದಳು. ಹಗ್ಗ ಹಗುರಾಗಿ ಬಂತು, ತುದಿಯಲ್ಲಿ ಮಗಳಿಲ್ಲ. ಬೀಗರ ಮುಂದೆ ಮಾನ ಉಳಿಸಿಕೊಳ್ಳಲು ಹೋಗಿ ಮಗಳನ್ನೇ ಕಳಕೊಂಡೆನಲ್ಲಾ ಅಂತ ಹಣೆ ಬಡಿದುಕೊಂಡಳಂತೆ.

ಆಗ ಕೆಳಗಿನಿಂದ ಒಂದು ಪದ ಎದ್ದಿತು. ಕಲ್ಲವ್ವ ಎಂದೂ ಕೇಳದ ಪದ. ಬೀಗರ ಹಸಿವಿನ ಮೇಲೆ, ಅವ್ವನ ಸಿಟ್ಟಿನ ಮೇಲೆ ಕಟ್ಟಿದ್ದು. ಬೀಗಿತಿಯ ಮೂಗಿನ ಮೇಲೂ ಒಂದು ನುಡಿ ಇತ್ತಂತೆ.

ಅವ್ವ ಮತ್ತೆ ಇಳಿಬಿಟ್ಟ ಹಗ್ಗ ಹಿಡಿದು ಮೇಲೆ ಬಂದವಳಿಗೆ ಮೊದಲು ಬೆನ್ನಿಗೊಂದು ಗುದ್ದು, ಆಮೇಲೆ ಅಪ್ಪುಗೆ.

"ಯಾಕ ಸುಮ್ಮನಾದಿ, ನನ್ನವ್ವಾ?"

"ಬರೋ ಪದಾ ಎಲ್ಲಾ ತೀರಿದ್ವು ಯವ್ವಾ, ಹೊಸಾದು ಕಟ್ಟಾಕತ್ತಿದ್ದೆ. ಹಗ್ಗ ನಡಾ ಒತ್ತತಿತ್ತು, ಬಿಚ್ಚಿದ್ದೆ."

ಕಲ್ಲವ್ವ ಅತ್ತಳು, ನಕ್ಕಳು. ಹೋದ ಜೀವ ಬಂದಂತಾಯಿತು. ಬೀಗರಿಗೆ ರೊಟ್ಟಿ ತಡವಾಯಿತು, ಆಗಲಿ ಬಿಡಿ.

ಆ ಮನೆ ಈಗ ಮಣ್ಣಿನ ದಿಬ್ಬ. ಆದರೆ ಆ ಊರಿನಲ್ಲಿ ಬಾವಿಗಿಳಿಯಲಿ, ಹಗೇವಿಗಿಳಿಯಲಿ, ಬರುವ ಪದ ತೀರಿದರೆ ಇವತ್ತಿಗೂ ಸ್ವಂತದ್ದು ಕಟ್ಟಿ ಹಾಡುತ್ತಾರೆ. ರಾಗ ಎತ್ತಲೋ, ತಾಳ ಎತ್ತಲೋ. ಮೇಲೆ ಹಗ್ಗ ಹಿಡಿದವರು "ಭೇಷ್, ಮುಂದ ಹಾಡು" ಅನ್ನುತ್ತಾರೆ. ಯಾರೂ ನಗುವುದಿಲ್ಲ.