ರಾಜ ಕೊಂಡುಕೊಂಡ ಬಿಡುವು

ಒಂದಾನೊಂದು ಊರಿನಲ್ಲಿ, ಇದ್ದದ್ದೇ ಒಂದು ಊರಾದ್ದರಿಂದ ಒಂದಾನೊಂದು ಅಂತಲೇ ಹೇಳಬೇಕು, ಒಬ್ಬ ಕೋಡಂಗಿ ಇದ್ದ. ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಕತೆ ಮುಂದಕ್ಕೆ ಹೋಗುವುದಿಲ್ಲ, ಅಲ್ಲೇ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತದೆ.

ಕೋಡಂಗಿಯ ಹೆಸರು ಸಣ್ಣೀರ. ಬಯಲಾಟದಲ್ಲಿ ಜನರನ್ನು ನಗಿಸುವುದು ಅವನ ಕೆಲಸ. ಊರಿನ ಹೆಸರು ತುದಿಗಾಲೂರು. ಅಲ್ಲಿನ ರಾಜ ದುಡುಕರಾಯ. ಕಾಯುವುದು ಅಂದರೆ ಅವನಿಗೆ ಮೈಯೆಲ್ಲ ಉರಿ. ಮಾವು ಹಣ್ಣಾಗುವವರೆಗೆ ಕಾಯಲಾರದೆ ಹೂವನ್ನೇ ತಿಂದುಬಿಡುತ್ತಿದ್ದ. ದೀಪಾವಳಿಯನ್ನು ಯುಗಾದಿಯ ದಿನವೇ ಮಾಡಿ ಮುಗಿಸುತ್ತಿದ್ದ, ಯುಗಾದಿಯನ್ನು ಹಿಂದಿನ ವರ್ಷವೇ ಮುಗಿಸಿರುತ್ತಿದ್ದ. ಅವನ ಪಟ್ಟಾಭಿಷೇಕ ಅವನು ಹುಟ್ಟುವ ಮುಂಚೆಯೇ ಆಗಿತ್ತಂತೆ. ಅದಕ್ಕೂ ಅವನದೇ ಅವಸರವಂತೆ.

ಸಣ್ಣೀರನ ಹತ್ತಿರ ಇದ್ದದ್ದು ಒಂದೇ ಒಂದು ಹಾಸ್ಯ. ಹರಕಲು ಟೋಪಿ ಹಾಕಿಕೊಂಡು ರಂಗಕ್ಕೆ ಬರುತ್ತಿದ್ದ. ಎದೆ ಉಬ್ಬಿಸಿ ಕೂಗುತ್ತಿದ್ದ: "ಮೂರು ಲೋಕ ಗೆದ್ದ ಮಹಾರಾಜರು ಬರ್ತಾರೆ!"

ಮದ್ದಳೆ ಬಡಿಯುತ್ತಿತ್ತು. ಯಾರೂ ಬರುತ್ತಿರಲಿಲ್ಲ. ಸಣ್ಣೀರ ಹಿಂದಕ್ಕೆ ತಿರುಗಿ ನೋಡುತ್ತಿದ್ದ. ಜನರ ಕಡೆ ನೋಡುತ್ತಿದ್ದ. ಏನೂ ಹೇಳುತ್ತಿರಲಿಲ್ಲ. ಆಮೇಲೂ ಏನೂ ಹೇಳುತ್ತಿರಲಿಲ್ಲ. ಕಡಲೆಕಾಯಿ ತಿನ್ನುತ್ತಿದ್ದವರು ಅಗಿಯುವುದನ್ನು ನಿಲ್ಲಿಸುತ್ತಿದ್ದರು. ಅಳುತ್ತಿದ್ದ ಮಗು ತೆರೆದ ಬಾಯಲ್ಲೇ ಸುಮ್ಮನಾಗುತ್ತಿತ್ತು. ಕಂಬದ ಹತ್ತಿರ ಕಾಲೆತ್ತಿದ ನಾಯಿ, ಎತ್ತಿದ ಕಾಲನ್ನು ಇಳಿಸುವುದೋ ಬೇಡವೋ ಎಂದು ಯೋಚನೆಗೆ ಬೀಳುತ್ತಿತ್ತು. ಇನ್ನು ಒಂದು ಚೂರು ಹೆಚ್ಚಾದರೆ ಜನ ಎದ್ದು ಹೋಗುತ್ತಾರೆ, ಒಂದು ಚೂರು ಕಡಿಮೆಯಾದರೆ ನಗು ಇನ್ನೂ ಹಸಿ. ಸರಿಯಾಗಿ ಆ ಜಾಗ ಬಂದಾಗ ಸಣ್ಣೀರ ಕಿವಿ ಕೆರೆದುಕೊಂಡು ಮೆತ್ತಗೆ ಹೇಳುತ್ತಿದ್ದ: "ಚಪ್ಪಲಿ ಸಿಕ್ಕಿದ ಮೇಲೆ."

ಅಷ್ಟೇ. ಜನ ಒಬ್ಬರ ಮೇಲೊಬ್ಬರು ಬಿದ್ದು ನಗುತ್ತಿದ್ದರು. ನಾಯಿಯೂ ಕಾಲಿಳಿಸಿ ನಗುತ್ತಿತ್ತು. ಎಂಥಾ ಕಲಾವಿದ ಅಂತೀರಿ! ನೀವು ಹೇಳಿ ನೋಡಿ ಆ ಮಾತನ್ನು, ನಾನು ಹೇಳಿ ನೋಡುತ್ತೇನೆ, ಮನೆಯವರು ಕೂಡ ನಗುವುದಿಲ್ಲ. ಆ ನಗು ಮಾತಿನಲ್ಲಿರಲಿಲ್ಲ. ಮಾತಿಗೂ ಮಾತಿಗೂ ನಡುವೆ ಅವನು ಇಡುತ್ತಿದ್ದ ಬಿಡುವಿನಲ್ಲಿತ್ತು. ಆ ಬಿಡುವು ಅವನ ಎಡಗೆನ್ನೆಯ ಒಳಗೆ, ಬೇರೆಯವರು ಹೊಗೆಸೊಪ್ಪು ಇಟ್ಟುಕೊಳ್ಳುವ ಜಾಗದಲ್ಲಿ, ಬೆಚ್ಚಗೆ ಕೂತಿರುತ್ತಿತ್ತು.

ಸಣ್ಣೀರನ ಹೆಂಡತಿ ಚೆಲುವಾಜಿ ಪ್ರತಿ ಆಟಕ್ಕೂ ಬಂದು ಮುಂದೆಯೇ ಕೂರುತ್ತಿದ್ದಳು. ಮದುವೆಯಾದಾಗಿನಿಂದ ಅದೇ ಹಾಸ್ಯ ಕೇಳಿದ್ದಾಳೆ. ಆದರೂ ನೆಲ ಬಡಿದು ಬಡಿದು ನಗುತ್ತಿದ್ದಳು. ಸಣ್ಣೀರ ದೊಡ್ಡ ಜಂಬಗಾರ, ಊರ ನಗುವೆಲ್ಲ ತನ್ನ ಜೇಬಿನಲ್ಲಿದೆ ಎಂದುಕೊಂಡಿದ್ದ. ಆದರೆ ಊರೆಲ್ಲ ನಕ್ಕು ಚೆಲುವಾಜಿ ನಗದಿದ್ದರೆ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ.

ಒಂದು ಸಂಜೆ ದುಡುಕರಾಯ ಆಟಕ್ಕೆ ಬಂದ. ಮುಂದಿನ ವರ್ಷದ ಆಟ ನೋಡಲು ಈ ವರ್ಷವೇ ಬಂದಿದ್ದ. ಸಣ್ಣೀರನ ಹಾಸ್ಯ ಕೇಳಿ, ಕಿರೀಟ ಉರುಳಿ ಹೋಗಿ ಯಾರದೋ ಕಡಲೆಕಾಯಿ ಪೊಟ್ಟಣದ ಪಕ್ಕ ಬೀಳುವಷ್ಟು ನಕ್ಕ. ಅರಮನೆಗೆ ಹೋದವನೇ, "ಇದನ್ನ ನಾನೇ ಹೇಳ್ತೀನಿ, ನಾನೇ ನಗಿಸ್ತೀನಿ" ಅಂದ. ಮಾರನೆಯ ದಿನ ಆಸ್ಥಾನದಲ್ಲಿ ಎದ್ದು ನಿಂತು ಒಂದೇ ಉಸಿರಿಗೆ ಹೇಳಿದ:

"ಮೂರುಲೋಕಗೆದ್ದಮಹಾರಾಜರುಬರ್ತಾರೆಚಪ್ಪಲಿಸಿಕ್ಕಿದಮೇಲೆ!"

ಯಾರೂ ನಗಲಿಲ್ಲ. ಎಲ್ಲರೂ ಎದ್ದು ಚಪ್ಪಲಿ ಹುಡುಕತೊಡಗಿದರು. ಸೇನಾಪತಿ ದಂಡು ಕಟ್ಟಿಕೊಂಡು ಹೋಗಿ ಪಕ್ಕದ ಬೀದಿಯ ಚಪ್ಪಲಿಗಳನ್ನೆಲ್ಲ ಸೆರೆ ಹಿಡಿದು ತಂದ. ಚಪ್ಪಲಿಗಳು, "ನಾವೇನು ತಪ್ಪು ಮಾಡಿದ್ವಿ ಸ್ವಾಮಿ?" ಎಂದು ಅತ್ತವು.

"ಇದರಲ್ಲೇನೋ ಕಮ್ಮಿ ಇದೆ!" ಎಂದು ರಾಜ ಕಿರುಚಿದ.

ಮಂತ್ರಿ ಕೈ ಮುಗಿದ. "ಮಾತು ಅದೇ ಪ್ರಭುಗಳೇ. ಆದರೆ ಆ ಕೋಡಂಗಿ ನಡುವೆ ಏನೋ ಹಾಕ್ತಾನೆ. ಬಿಡುವು ಅಂತಾರೆ ಅದಕ್ಕೆ."

"ತರಿಸು ಅದನ್ನ! ನಿನ್ನೆಯೇ ತರಿಸು!"

ಸಣ್ಣೀರ ಬಂದ. ಹಿಂದೆಯೇ ಚೆಲುವಾಜಿಯೂ ಬಂದಳು. "ನಿನ್ನ ಬಿಡುವು ನನಗೆ ಕೊಡು, ಅರ್ಧ ರಾಜ್ಯ ಕೊಡ್ತೀನಿ" ಅಂದ ರಾಜ.

ಸಣ್ಣೀರ ಲೆಕ್ಕ ಹಾಕಿದ. ಮಾತು ತನ್ನದು, ಮುಖ ತನ್ನದು, ಟೋಪಿ ತನ್ನದು. ಬಿಡುವಿನಲ್ಲಿ ಏನಿದೆ? ಏನೂ ಇಲ್ಲ. ಏನೂ ಇಲ್ಲದ್ದನ್ನು ಕೊಟ್ಟು ಅರ್ಧ ರಾಜ್ಯ! ಚೆಲುವಾಜಿ ಅವನ ಅಂಗಿ ಹಿಡಿದು ಎಳೆದಳು. "ಬ್ಯಾಡ ಕಣ್ರೀ. ಏನೂ ಇಲ್ದೇ ಇರೋದನ್ನ ಯಾರಾದ್ರೂ ಸುಮ್ಸುಮ್ನೆ ಕೇಳ್ತಾರಾ?"

"ನಿನಗೇನು ಗೊತ್ತಾಯ್ತದೆ, ಸುಮ್ನಿರು" ಅಂದ ಸಣ್ಣೀರ. "ಬುದ್ದಿ, ಯಾವ ಅರ್ಧ ಕೊಡ್ತೀರಾ?"

"ಮೇಲಿನರ್ಧ. ಸೊಂಟದಿಂದ ಮೇಲಿರೋದೆಲ್ಲ ನಿಂದು, ಕೆಳಗಿರೋದೆಲ್ಲ ನಂದು."

ಹೀಗೆ ವ್ಯಾಪಾರ ಕುದುರಿತು. ತೆಂಗಿನಕಾಯಿ, ಮನೆಮಾಡು, ಕಾಗೆ, ಮೋಡ, ಜನರ ಮೀಸೆ ಎಲ್ಲ ಸಣ್ಣೀರನ ಪಾಲು. ಬೇರು, ಬಾವಿ, ಇರುವೆ, ಮಂಡಿ ಎಲ್ಲ ರಾಜನ ಪಾಲು. ಸಣ್ಣೀರ ಕೆಮ್ಮಿ ಬಿಡುವನ್ನು ಅಂಗೈಗೆ ಉಗುಳಿದ. ಅದು ಅಡಿಕೆಯಷ್ಟು ಗಾತ್ರವಿತ್ತು, ಬಣ್ಣವೇ ಇರಲಿಲ್ಲ, ಮುಟ್ಟಿದರೆ ಸ್ವಲ್ಪ ಬೆಚ್ಚಗಿತ್ತು.

"ನೀನೇನಾ ಆ ಬಿಡುವು?" ರಾಜ ಕೇಳಿದ.

ಅದು ಮಾತಾಡಲಿಲ್ಲ. ರಾಜ ಎದ್ದ. ಕೂತ. ಹೋಗಿ ಊಟ ಮಾಡಿಕೊಂಡು ಬಂದ. ಇನ್ನೇನು ಅದನ್ನು ಕಿಟಕಿಯಾಚೆ ಎಸೆಯಬೇಕು ಅನ್ನುವಾಗ ಬಿಡುವು ಹೇಳಿತು: "ಹೂಂ."

ಆಸ್ಥಾನವೆಲ್ಲ ಬಿದ್ದು ಬಿದ್ದು ನಕ್ಕಿತು. ರಾಜನಿಗೆ ಹಿಗ್ಗೋ ಹಿಗ್ಗು. ಅದನ್ನು ಬಾಯಿಗೆ ಹಾಕಿಕೊಂಡು ಹಾಸ್ಯ ಹೇಳಲು ಹೋದ. ಆದರೆ ಅವನ ಮಾತುಗಳು ಒಂದನ್ನೊಂದು ನೂಕಿಕೊಂಡು ಬರುವ ರಭಸಕ್ಕೆ ಬಿಡುವು ಮೂಗಿನ ಹೊಳ್ಳೆಯಿಂದ ಹೊರಗೆ ಬಿತ್ತು. ಇನ್ನೊಂದು ಸಲ ಹಾಕಿಕೊಂಡ. ಆಗಲೂ ಬಿತ್ತು. "ಹೋಗಲಿ, ನನ್ನ ಹತ್ತಿರ ಇದ್ದರೆ ಸಾಕು" ಎಂದು ರಾಜ ಅದನ್ನು ಬೆಳ್ಳಿ ಡಬ್ಬಿಯಲ್ಲಿಟ್ಟು ಖಜಾನೆಗೆ ಸೇರಿಸಿ ಬೀಗ ಹಾಕಿಸಿದ.

ಆ ಸಂಜೆ ಸಣ್ಣೀರ ರಂಗಕ್ಕೆ ಬಂದ. ಬಾಯಿ ತೆರೆದ. "ಮೂರುಲೋಕಗೆದ್ದಮಹಾರಾಜರುಬರ್ತಾರೆಚಪ್ಪಲಿಸಿಕ್ಕಿದಮೇಲೆ!" ಜನ ಎದ್ದು ಚಪ್ಪಲಿ ಹುಡುಕತೊಡಗಿದರು. ಒಬ್ಬ ತನ್ನದನ್ನೇ ಬಿಚ್ಚಿ, "ತಗೊಳಣ್ಣ, ಪಾಪ" ಎಂದು ಕೊಟ್ಟ. ಸಣ್ಣೀರ ಮುಂದೆ ಕೂತಿದ್ದ ಚೆಲುವಾಜಿಯ ಮುಖ ನೋಡಿದ. ಅವಳು ನಗಲಿಲ್ಲ. ನಗಬೇಕೆಂದು ಕಷ್ಟಪಟ್ಟಳು, ಬರಲಿಲ್ಲ, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಅಷ್ಟು ದುಃಖ ಅವನಿಗೆ ಅವನಪ್ಪ ಸತ್ತಾಗಲೂ ಆಗಿರಲಿಲ್ಲ.

ಮನೆಯಲ್ಲೂ ಅದೇ ಪಾಡು. ಅವಳು "ಊಟ" ಅನ್ನುವಷ್ಟರಲ್ಲಿ ಇವನು "ಆಯ್ತು" ಅನ್ನುತ್ತಿದ್ದ, ಊಟ ಆಗಿರುತ್ತಿರಲಿಲ್ಲ. ಮೇಲಿನರ್ಧದ ಒಡೆತನವೂ ನೆಮ್ಮದಿ ಕೊಡಲಿಲ್ಲ. ದಿನ ಬೆಳಗಾದರೆ ಕಾಗೆಗಳು ಬಂದು, "ಒಡೆಯಾ, ನಮ್ಮ ಗೂಡಿನ ತಂಟೆ ತೀರ್ಮಾನ ಮಾಡು" ಎಂದು ತಲೆ ತಿನ್ನುತ್ತಿದ್ದವು. ತೆಂಗಿನಕಾಯಿ ಅವನದು, ಆದರೆ ಬಿದ್ದ ತಕ್ಷಣ ರಾಜನದು.

ಇಷ್ಟರಲ್ಲಿ ಇನ್ನೊಂದು ಫಜೀತಿಯಾಯಿತು. ಸಣ್ಣೀರನ ಬಿಡುವು ಅಂದರೆ ಬಿಡುವುಗಳಲ್ಲೆಲ್ಲ ಹಿರಿಯದು. ದೊಡ್ಡವರು ಖಜಾನೆಯಲ್ಲಿರುವಾಗ ನಾವು ಬೀದಿಯಲ್ಲಿರುವುದು ಸರಿಯೇ ಎಂದು ನಾಡಿನ ಸಣ್ಣಪುಟ್ಟ ಬಿಡುವುಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ಖಜಾನೆಗೆ ಹೊರಟವು. ಮಿಂಚಿಗೂ ಗುಡುಗಿಗೂ ನಡುವಿನದು ಹೋಯಿತು. ಹಾಲು ಉಬ್ಬುವುದಕ್ಕೂ ಉಕ್ಕುವುದಕ್ಕೂ ನಡುವಿನದು ಹೋಯಿತು. ಅತ್ತೆ ಬೈಯುವುದಕ್ಕೂ ಸೊಸೆ ಬೈಯುವುದಕ್ಕೂ ನಡುವಿನದು ಹೋಯಿತು, ಇಬ್ಬರೂ ಒಟ್ಟಿಗೆ ಬೈಯತೊಡಗಿ ಯಾರು ಏನಂದರೆಂದು ಯಾರಿಗೂ ತಿಳಿಯದಾಯಿತು. ಸೂರ್ಯ ಹುಟ್ಟುತ್ತಲೇ ಮುಳುಗುತ್ತಿದ್ದ. ಖಜಾನೆಯಲ್ಲಿ ಜಾಗ ಸಾಲದೆ ಚಿನ್ನವನ್ನೆಲ್ಲ ಬೀದಿಗೆ ಸುರಿದರು. ಅದನ್ನು ಹೆಕ್ಕಿಕೊಳ್ಳಲು ಯಾರಿಗೂ ಪುರುಸೊತ್ತಿರಲಿಲ್ಲ.

ಸಣ್ಣೀರ ಅರಮನೆಗೆ ಓಡಿದ. ಚೆಲುವಾಜಿಯೂ ಓಡಿದಳು.

"ಬುದ್ದೀನನ್ಬಿಡುವುವಾಪಸ್ಕೊಡಿನಿಮ್ಮರ್ಧರಾಜ್ಯನೀವೇಇಟ್ಕೊಳಿ!"

"ಕೊಂಡದ್ದು ಕೊಂಡದ್ದೇ" ಅಂದ ರಾಜ. "ಬೇಕಾದರೆ ಕರೆದು ನೋಡು. ಬಂದರೆ ನಿನ್ನದು. ಬರದಿದ್ದರೆ ನಿನ್ನ ತಲೆ ತೆಗೆಸ್ತೀನಿ."

"ತಲೆನನ್ಪಾಲಿಂದುಬುದ್ದಿ!"

"ಹೌದಲ್ಲ. ಹಾಗಾದರೆ ಕಾಲು. ಕಾಲು ನನ್ನ ಪಾಲು."

ಬೆಳ್ಳಿ ಡಬ್ಬಿಯನ್ನು ತಂದು ಮುಂದಿಟ್ಟರು. ಕೊಡಲಿ ಹಿಡಿದವನು ಸಣ್ಣೀರನ ಮಂಡಿಯ ಪಕ್ಕ ನಿಂತ. ಸಣ್ಣೀರ ಡಬ್ಬಿಯ ಕಡೆ ಬಗ್ಗಿ ಕರೆದ: "ಬರ್ತೀಯೇನಪ್ಪಾ?"

ಡಬ್ಬಿ ಮಾತಾಡಲಿಲ್ಲ.

"ಬರಲಿಲ್ಲ! ಎತ್ತು ಕೊಡಲಿ!" ಎಂದ ರಾಜ. ಕೊಡಲಿ ಮೇಲೆ ಹೋಯಿತು.

ಸಣ್ಣೀರನ ಬಾಯಿಯೊಳಗೆ ಮಾತುಗಳು ತುಂಬಿಕೊಂಡು ತಳ್ಳಾಡುತ್ತಿದ್ದವು. ತಪ್ಪಾಯಿತು ಅನ್ನುವ ಮಾತು, ಬಿಟ್ಟುಬಿಡಿ ಅನ್ನುವ ಮಾತು, ಬರೀ ಅಯ್ಯೋ ಅನ್ನುವ ಮಾತು. ಆಗ ಅವನಿಗೆ ತಾನು ಹರೆಯದಲ್ಲಿ ಮೊದಲ ಸಲ ರಂಗಕ್ಕೆ ಬಂದದ್ದು ನೆನಪಾಯಿತು. ಅವತ್ತು ಹೆದರಿ ಮಾತೇ ಮರೆತು ನಿಂತಿದ್ದ. ಓಡಿಹೋಗಬೇಕೆನ್ನಿಸಿದರೂ ಓಡಿರಲಿಲ್ಲ. ಹಾಗೆ ನಿಂತಿದ್ದಾಗಲೇ ಬಿಡುವು ಎಲ್ಲಿಂದಲೋ ಬಂದು ಕೆನ್ನೆಯೊಳಗೆ ಕೂತಿತ್ತು. ಅಂದರೆ ಅದನ್ನು ಕರೆಯುವುದಲ್ಲ, ಅದು ಬರುವವರೆಗೆ ನಿಲ್ಲುವುದು.

ಸಣ್ಣೀರ ಒಂದು ಬೆರಳೆತ್ತಿದ. ಮಾತುಗಳನ್ನೆಲ್ಲ ನುಂಗಿದ. ನಿಂತ.

ನಗಿಸುವವನಿಗೆ ಸುಮ್ಮನಿರುವಷ್ಟು ಭಯ ಬೇರೆ ಯಾವುದೂ ಇಲ್ಲ, ತಿಳಿದುಕೊಳ್ಳಿ. ಮಾತು ಇದ್ದರೆ ಮರೆ ಇರುತ್ತದೆ. ಸುಮ್ಮನಿದ್ದರೆ ಬಟ್ಟೆಯೇ ಇಲ್ಲದ ಹಾಗೆ. ಅದರ ಮೇಲೆ ಪಕ್ಕದಲ್ಲಿ ಕೊಡಲಿ! ಆದರೂ ನಿಂತನಲ್ಲ ಮಹಾನುಭಾವ, ಅವನ ಕಾಲಿಗೆ ನಾನು ಈಗಲೂ ಇಲ್ಲಿಂದಲೇ ಕೈ ಮುಗಿಯುತ್ತೇನೆ. ಡಬ್ಬಿಯನ್ನು ನೋಡಿದ. ರಾಜನನ್ನು ನೋಡಿದ. ಕೊಡಲಿಯನ್ನು, ಅದು ಯಾರೋ ನೆಂಟರ ಸಾಮಾನು ಅನ್ನುವ ಹಾಗೆ ನೋಡಿದ. ಮತ್ತೆ ಡಬ್ಬಿಯನ್ನು ನೋಡಿದ.

"ಕ..." ಎಂದ ರಾಜ, ಕತ್ತರಿಸಿ ಅನ್ನಲು. ಆದರೆ ಮುಂದೇನಾಗುತ್ತದೋ ನೋಡಿಬಿಡೋಣ ಅನ್ನಿಸಿ ಅಲ್ಲೇ ನಿಂತ. ಹುಟ್ಟಿದಾಗಿನಿಂದ ಮೊದಲ ಸಲ ದುಡುಕರಾಯ ಕಾಯುತ್ತಿದ್ದ. ಅದು ಕಾಯುವುದೆಂದು ಅವನಿಗೆ ತಿಳಿಯಲಿಲ್ಲ, ಜ್ವರ ಬಂತೆಂದುಕೊಂಡ. ಆಸ್ಥಾನವೆಲ್ಲ ಉಸಿರು ಬಿಗಿಹಿಡಿಯಿತು. ಕೊಡಲಿಯವನು ಎತ್ತಿದ ಕೊಡಲಿಯನ್ನು ಇಳಿಸುವುದೋ ಬೇಡವೋ ಎಂದು ರಾಜನ ಮುಖ ನೋಡಿದ. ಇನ್ನು ಒಂದು ಚೂರು ತಡವಾದರೆ ಎಲ್ಲ ಹಾಳು, ಅಂಥ ಜಾಗಕ್ಕೆ ಬಂದಾಗ ಡಬ್ಬಿಯೊಳಗಿಂದ ಸಣ್ಣ ದನಿಯೊಂದು ಕೇಳಿತು:

"ಏನಂದೆ?"

ಅರಮನೆ ಸೀಳಿಹೋಗುವ ಹಾಗೆ ನಗು ಎದ್ದಿತು. ರಾಜ ಸಿಂಹಾಸನದಿಂದ ಉರುಳಿದ. ಕೊಡಲಿಯವನು ಕೊಡಲಿ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡ. ನಗುವಿನ ಹೊಡೆತಕ್ಕೆ ಖಜಾನೆಯ ಬೀಗ ಕಳಚಿ ಬಿತ್ತು, ಬಿಡುವುಗಳೆಲ್ಲ ತಂತಮ್ಮ ಮನೆಗೆ ಓಡಿದವು. ಹಿರಿಯ ಬಿಡುವು ಡಬ್ಬಿಯಿಂದಿಳಿದು ಸಣ್ಣೀರನ ಕೆನ್ನೆಗೆ ಹೋದರೆ ಅಲ್ಲಿ ಆಗಲೇ ಹೊಸದೊಂದು ಕೂತಿತ್ತು. "ಸ್ವಲ್ಪ ಸರಕೋ" ಅಂದಿತು. ಅದು ಸರಿಯಿತು.

"ಇನ್ನೊಂದು ಸಲ!" ಎಂದು ರಾಜ ಕಣ್ಣೊರೆಸಿಕೊಂಡ.

"ಈಗ ಆಗಲ್ಲ ಬುದ್ದಿ. ನಾಳೆ."

ರಾಜ ಅರಮನೆಯ ಮೆಟ್ಟಿಲ ಮೇಲೆ ಕೂತ. ನಾಳೆ ಆಗುವವರೆಗೂ ಕೂತೇ ಇದ್ದ. ಅದು ಅವನಿಗೆ ಇಷ್ಟವೂ ಆಯಿತು ಅನ್ನುತ್ತಾರೆ.

ಆದರೆ ಅಷ್ಟು ಜನ ನಕ್ಕಾಗಲೂ ಒಬ್ಬಳು ನಕ್ಕಿರಲಿಲ್ಲ. ಚೆಲುವಾಜಿಯ ಕಣ್ಣೆಲ್ಲ ಗಂಡನ ಕಾಲಿನ ಮೇಲೇ ಇತ್ತು. ಕಾಲು ಎರಡೂ ಇವೆ ಎಂದು ನೋಡಿಕೊಂಡವಳೇ ತಿರುಗಿ ಬಿರಬಿರನೆ ಮನೆಗೆ ಹೊರಟುಹೋದಳು. ಸಣ್ಣೀರ ಹಿಂದೆಯೇ ಬಂದ. ದಾರಿಯುದ್ದಕ್ಕೂ ಅವನಿಗೆ ಒಂದೇ ಚಿಂತೆ. ನಾಡಿಗೆಲ್ಲ ನಗು ಬಂತು, ಅವಳದು ಬರದಿದ್ದರೆ?

ಅವಳು ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತಿದ್ದಳು. ಸಣ್ಣೀರ ಹೊಸಿಲ ಹತ್ತಿರ ನಿಂತ. ನಿನ್ನ ಮಾತು ಕೇಳಬೇಕಿತ್ತು ಎಂದು ಹೇಳಬೇಕಿತ್ತು ಅವನಿಗೆ. ಬಾಯಿ ತೆರೆದ. ಮಾತು ಬರಲಿಲ್ಲ. ಮುದ್ದೆಯನ್ನು ನೋಡಿದ. ಅವಳನ್ನು ನೋಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಎಲ್ಲಿಡಬೇಕೆಂದು ತಿಳಿಯದೆ ಮತ್ತೆ ತಲೆಗೇ ಹಾಕಿಕೊಂಡ.

ಚೆಲುವಾಜಿ ಮುದ್ದೆಕೋಲು ಹಿಡಿದುಕೊಂಡೇ ಅವನನ್ನು ನೋಡಿದಳು. ತುಟಿ ಬಿಗಿಹಿಡಿದಳು. ಹಿಡಿದಷ್ಟೂ ಹಿಡಿದಳು. ಆಮೇಲೆ ಕೋಲು ಬಿಟ್ಟು, ನೆಲ ಬಡಿದು ಬಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು.

"ಲೇ, ನಾನಿನ್ನೂ ಏನೂ ಹೇಳೇ ಇಲ್ವಲ್ಲೇ!" ಎಂದ ಸಣ್ಣೀರ, ಅಳುತ್ತಾ.

"ಹೇಳ್ಬ್ಯಾಡಿ" ಎಂದಳು ಚೆಲುವಾಜಿ. "ಕೆಟ್ಟೋಯ್ತದೆ."

ಕತೆ ಮುಗಿಯಿತು. ಕತೆ ಅದರ ಪಾಡಿಗೆ, ನಾವು ನಮ್ಮ ಪಾಡಿಗೆ. ಇದಕ್ಕೊಂದು ನೀತಿಯೂ ಇದೆ. ಅದು ಹಿಂದೆ ನಿಧಾನಕ್ಕೆ ನಡೆದುಕೊಂಡು ಬರುತ್ತಿದೆ. ಅವಸರ ಇರುವವರು ಹೊರಡಿ. ಉಳಿದವರು ಕೂತಿರಿ.