ಯಾವ ಸಾಕು?

ತೊಟ್ಟಿಲಿಗೆ ಹಾಕುವ ದಿನ ಹಲ್ಲಿಯೊಂದು ಲೊಚಗುಟ್ಟಿ ಗೌಡರ ಮನೆಯ ಮಗುವಿನ ಹೆಸರನ್ನು ಬದಲಿಸಿತೆಂದು ಚಿಕ್ಕಂದಿನಲ್ಲಿ ಕೇಳಿದ್ದೆ. ಹಲ್ಲಿಗೆ ಅಷ್ಟು ಕನ್ನಡ ಬರುವುದೆಂದು ನನಗೆ ನಂಬಿಕೆಯಿಲ್ಲ. ಅದು ಸೂಲಗಿತ್ತಿಯ ಕೆಲಸವೇ ಇರಬೇಕು.

ಮರಿದೇವೇಗೌಡರಿಗೆ ಐದನೆಯ ಮೊಮ್ಮಗಳು ಹುಟ್ಟಿದ್ದಳು. "ಸಾಕಮ್ಮ ಅಂತಲೇ ಹೆಸರಿಡಿ. ಹೆಣ್ಣು ಸಾಕು ಅಂತ ದೇವ್ರಿಗೆ ಕೇಳಿಸಲಿ!" ಎಂದು ಅವರು ಗುಡುಗಿದರು. ಮಗಳು ಬದುಕಿಡೀ ಆ ಹೆಸರಿಗೆ ಓಗೊಡಬೇಕಲ್ಲಾ ಎಂದು ಬಾಣಂತಿ ಕಣ್ಣೊರೆಸಿಕೊಂಡಳು.

ತೊಟ್ಟಿಲು ತೂಗುತ್ತಿದ್ದ ಸೂಲಗಿತ್ತಿ ಕೇಳಿದಳು: "ಇಡೋಣ ಬುದ್ಧಿ. ಆದ್ರೆ ದೇವ್ರಿಗೆ ಯಾವ ಸಾಕು ಕೇಳಿಸ್ತದೋ?"

"ಸಾಕು ಅಂದ್ರೆ ಸಾಕು ಕಣೇ!"

"ಹಸು ಸಾಕು, ಕುರಿ ಸಾಕು ಅನ್ನಲ್ವಾ? ಹೆಣ್ಣು ಸಾಕು ಅಂದ್ರೆ, ಗೌಡ್ರಿಗೆ ಸಾಕೋ ಆಸೆ ಅಂದ್ಕೊಂಡು ಅವ್ನು ಇನ್ನೂ ನಾಲ್ಕು ಕಳಿಸಿಬಿಟ್ರೆ?"

ಗೌಡರು ಮೀಸೆ ತೀಡುವುದನ್ನು ಅಲ್ಲಿಗೇ ನಿಲ್ಲಿಸಿ ಸೊಸೆಯ ಕಡೆ ತಿರುಗಿದರು. "ನೀನೇ ಒಂದು ಹೆಸರು ಹೇಳವ್ವ. ಎರಡರ್ಥ ಬರದ ಹಾಗಿರಲಿ."

"ನಲ್ಮೆ, ಮಾವಯ್ಯ. ಪ್ರೀತಿ ಅಂತ."

"ಇದನ್ನ ದೇವ್ರು ಎಷ್ಟು ಕಳಿಸಿದ್ರೂ ಇಟ್ಕೊಳ್ಳಿ ಬುದ್ಧಿ" ಎಂದಳು ಸೂಲಗಿತ್ತಿ.

ಮುಂದೇನಾಯಿತೆಂದು ನಲ್ಮೆಯವರನ್ನು ನಾನೇ ಕಂಡು ಕೇಳಿದ್ದೇನೆ. ಆರನೆಯದೂ ಹೆಣ್ಣೇ ಆಯಿತು. ಆಕೆಗೆ ಐಸಿರಿ, ಅಂದರೆ ಸಂಪತ್ತು, ಎಂದು ಹೆಸರಿಟ್ಟವರು ಗೌಡರೇ.